ಸಹಾಯ ಬೇಕು: ಓದು-ಬರಹ ಬಾರದ ಅಮ್ಮನಿಗೆ ಕನ್ನಡದಲ್ಲಿ ಆಪ್ತಸಮಾಲೋಚನೆ

ಎಲ್ಲರಿಗೂ ನಮಸ್ಕಾರ. ಅಪ್ಪ ತೀರಿಕೊಂಡು ಎಂಟು ತಿಂಗಳಾಯ್ತು. ಅಮ್ಮನಿಗೆ 68, ರಾಣೆಬೆನ್ನೂರಿನ ಹತ್ತಿರ ಹಳ್ಳಿಯಲ್ಲಿದ್ದಾರೆ. "ಬೇಸರ" ಅಂತ ಒಂದು ದಿನವೂ ಅಂದಿಲ್ಲ. "ಎದಿ ಭಾರ ಆಗ್ತದ, ಕೈಕಾಲು ಸೆಳೀತಾವ" ಅಂತಾರೆ. ಇಸಿಜಿ, ರಕ್ತಪರೀಕ್ಷೆ ಎಲ್ಲ ಸರಿಯಿದೆ.

ಒಬ್ಬ ಆಪ್ತಸಮಾಲೋಚಕರ ಹತ್ತಿರ ಕರೆದುಕೊಂಡು ಹೋಗಿದ್ದೆ. "ದುಃಖಕ್ಕೆ ಹತ್ತರಲ್ಲಿ ಎಷ್ಟು ಅಂಕ ಕೊಡ್ತೀರಿ?" ಅಂತ ಕೇಳಿದರು. ಅಮ್ಮ ನನ್ನ ಮುಖ ನೋಡಿದರು. ಆಮೇಲೆ ದಿನಾ ಬರುವ ಯೋಚನೆ ಬರೆಯಲು ಒಂದು ಹಾಳೆ ಕೊಟ್ಟರು. ಇದು ಸಿಬಿಟಿ, ಅಂದರೆ ಯೋಚನೆ-ನಡವಳಿಕೆಯ ರೀತಿ ಗಮನಿಸಿ ತಿದ್ದಿಕೊಳ್ಳುವ ಚಿಕಿತ್ಸೆ. ಒಳ್ಳೆಯ ಪದ್ಧತಿಯೇ, ನನಗೇ ಹಿಂದೆ ಅದರಿಂದ ಉಪಕಾರವಾಗಿದೆ. ಆದರೆ ಅಮ್ಮನಿಗೆ ಸಹಿ ಮಾಡಲು ಮಾತ್ರ ಬರುತ್ತದೆ. ಆ ಹಾಳೆ ನಾಲ್ಕು ಮಡಿಕೆಯಾಗಿ ಅಕ್ಕಿ ಡಬ್ಬಿಯ ಕೆಳಗೆ ಸಿಕ್ಕಿತು.

ಹೋದ ವಾರ ಅವರೆಕಾಳು ಹಿತುಕುತ್ತಾ ಕೂತಾಗ, ಅಪ್ಪ ಮೊದಲ ಸಲ ಎತ್ತು ತಂದ ಕಥೆಯನ್ನು ಒಂದು ತಾಸು ಹೇಳಿದರು. ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರು. ವಯಸ್ಸಾದವರು ಬದುಕನ್ನು ಹೀಗೆ ಮೆಲುಕು ಹಾಕುವುದರ ಮಹತ್ವವನ್ನು ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ಬರೆದಿದ್ದರಂತೆ. ಅದರ ಮೇಲೆ ಬೆಳೆದ ಚಿಕಿತ್ಸಾ ಪದ್ಧತಿಗಳೂ ಇವೆ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್‌ 14416ಕ್ಕೆ ಕರೆ ಮಾಡಿದ್ದೆ, ಕನ್ನಡದಲ್ಲೇ ಸಮಾಧಾನವಾಗಿ ಮಾತಾಡಿದರು. ಆದರೆ ಅಮ್ಮನಿಗೆ ಫೋನಿನಲ್ಲಿ ಮನಸ್ಸು ಬಿಚ್ಚಲು ಆಗುವುದಿಲ್ಲ, ಎದುರಿಗೆ ಮನುಷ್ಯರು ಬೇಕು.

ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಹಿರಿಯರನ್ನು ತೋರಿಸಿದವರು ಇದ್ದೀರಾ? ಹಾವೇರಿ, ದಾವಣಗೆರೆ, ಹುಬ್ಬಳ್ಳಿ ಕಡೆ ಬರೆಸದೆ, ಮಾತಿನಲ್ಲೇ ನಡೆಸುವ, ನಮ್ಮ ಕಡೆಯ ಕನ್ನಡ ತಿಳಿದ ಸಮಾಲೋಚಕರು, ಹೆಂಗಸರಾದರೆ ಇನ್ನೂ ಒಳ್ಳೆಯದು, ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಬಸ್ಸಿನಲ್ಲಿ ಎರಡು-ಮೂರು ತಾಸಾದರೂ ಕರೆದುಕೊಂಡು ಬರುತ್ತೇನೆ.