ದೊಡ್ಡಪ್ಪ, ಅದನ್ನ ಡಿಲೀಟ್ ಮಾಡಿ

ಗುಂಪು: ನಮ್ಮ ಮನೆ, ಬೆಳಿಗ್ಗೆ 6:52

ದೊಡ್ಡಪ್ಪ (ಫಾರ್ವರ್ಡ್): ರಾತ್ರಿ ಮಲಗಿದಾಗ ಎದೆ ಹಿಡಿದುಕೊಂಡರೆ ಗಾಬರಿ ಬೇಡ, ಅದು ಬರೀ ವಾಯು. ಓಮ, ಇಂಗು ಹಾಕಿ ಕುದಿಸಿ ಕುಡಿಯಿರಿ. ಹಾರ್ಟ್ ಅಟ್ಯಾಕೇ ಆಗಿದ್ದರೂ ಜೋರಾಗಿ ಕೆಮ್ಮುತ್ತಿದ್ದರೆ ಸಾಕು. ಹತ್ತು ಜನಕ್ಕೆ ಕಳಿಸಿ.

ಅತ್ತೆ: ಒಳ್ಳೆ ಮಾಹಿತಿ ಅಣ್ಣ.

ನಾನು: ದೊಡ್ಡಪ್ಪ, ದಯವಿಟ್ಟು ಡಿಲೀಟ್ ಮಾಡಿ. ಹಾರ್ಟಿನ ರಕ್ತನಾಳದಲ್ಲಿ ಕಟ್ಟಿರೋ ರಕ್ತದ ಗಡ್ಡೆ ಕೆಮ್ಮಿದ್ರೆ ಕರಗುತ್ತಾ?

ದೊಡ್ಡಪ್ಪ: ನರ್ಸ್ ಆದ ಮಾತ್ರಕ್ಕೆ ಹಿರಿಯರ ಮದ್ದೆಲ್ಲ ಸುಳ್ಳಾ? ಹೋದ ವರ್ಷ ನಂಗೆ ಎದೆ ಹಿಂಡಿದ್ದು ಗ್ಯಾಸೇ ತಾನೆ?

ನಾನು: ಗ್ಯಾಸೇ. ಆದ್ರೆ ಗೊತ್ತಾಗಿದ್ದು ಯಾವಾಗ? ಎರಡು ಸಲ ಇಸಿಜಿ, ಹಾರ್ಟಿಗೆ ಪೆಟ್ಟಾಗಿದ್ಯಾ ಅಂತ ತೋರಿಸೋ ಟ್ರೋಪೋನಿನ್ ರಕ್ತ ಪರೀಕ್ಷೆ ಎಲ್ಲ ಆದ್ಮೇಲೆ. ರಾತ್ರಿ 10ಕ್ಕೆ ಉಂಡು ತಕ್ಷಣ ಮಲಗ್ತಿದ್ರಿ, ಹೊಟ್ಟೆ ಆಸಿಡ್ ಅನ್ನನಾಳಕ್ಕೆ ಹತ್ತುತ್ತಿತ್ತು. ಮಲಗೋ 3 ಗಂಟೆ ಮುಂಚೆ ಊಟ ಮುಗಿಸಿ, ಎಡಮಗ್ಗುಲಲ್ಲಿ ಮಲಗಿ, ಮಂಚದ ತಲೆಕಡೆ ಕಾಲುಗಳಿಗೆ ಇಟ್ಟಿಗೆ ಕೊಟ್ಟು 6 ಇಂಚು ಎತ್ತರಿಸಿದ ಮೇಲೆ ಕಡಿಮೆ ಆಯ್ತು. ಓಮದಿಂದ ಅಲ್ಲ.

ತಮ್ಮ: ಅಕ್ಕ, ನಂಗೆ ಬೆಳಗಿನ ಜಾವ ಬಿಗಿಯುತ್ತೆ, ಉಸಿರಲ್ಲಿ ಸಿಳ್ಳೆ ಸದ್ದು.

ನಾನು: ಆಸ್ತಮಾ ಇರಬಹುದು ಕಣೋ. ಊದಿಸಿ ಪರೀಕ್ಷೆ ಮಾಡ್ತಾರೆ, ಈ ವಾರವೇ ಹೋಗು.

ಅತ್ತೆ: ಹಾಗಾದ್ರೆ ತೇಗು ಬಂದಾಗಲೆಲ್ಲ ಆಸ್ಪತ್ರೆಗೆ ಓಡೋದಾ? ದುಡ್ಡೆಲ್ಲಿಂದ ತರೋದು?

ನಾನು: ತೇಗಿಗಲ್ಲ ಅತ್ತೆ. ಹೊಸದಾಗಿ ಬಂದ ಬಿಗಿತ, ತಣ್ಣನೆ ಬೆವರು, ದವಡೆಗೋ ಎಡಗೈಗೋ ಇಳಿಯೋ ನೋವು, ಉಸಿರು ಕಟ್ಟೋದು ಇದ್ರೆ 108ಕ್ಕೆ ಫೋನ್ ಮಾಡಿ. ನಿಮ್ಮ ಹಾಗೆ ಶುಗರ್ ಇರೋರಿಗೆ ನೋವೇ ಗೊತ್ತಾಗದೇ ಇರಬಹುದು. ದುಡ್ಡಿನ ಚಿಂತೆ ಬೇಡ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರೋ ಸರ್ಕಾರಿ ಆಸ್ಪತ್ರೆಗಳಲ್ಲಿ ಇಸಿಜಿ ಪುಕ್ಕಟೆ, ಗಡ್ಡೆ ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನೂ ಪುಕ್ಕಟೆ.

ದೊಡ್ಡಪ್ಪ: ಒಂದು ಲೋಟ ಕಷಾಯದಿಂದ ನಷ್ಟ ಏನಮ್ಮ?

ನಾನು: ಕುದಿಸಿ, ಆರಿಸಿ, ಕುಡಿದು, ನೋಡೋಣ ಅಂತ ಕೂತು ಎರಡು ಗಂಟೆ ಕಳೆದು ಬರ್ತಾರೆ ದೊಡ್ಡಪ್ಪ. ಅಷ್ಟರಲ್ಲಿ ಹಾರ್ಟಿನ ಮಾಂಸಖಂಡ ಸಾಯ್ತಾ ಬಂದಿರುತ್ತೆ. ಮೊನ್ನೆ ಒಬ್ಬರನ್ನ ಸ್ಟ್ರೆಚರ್‌ಗೆ ಹಾಕುವಾಗ ಬಾಯಲ್ಲಿ ಓಮದ ವಾಸನೆ ಇನ್ನೂ ಇತ್ತು. ಹೆಂಡತಿ ಕೈಯಲ್ಲಿ ಸ್ಟೀಲ್ ಫ್ಲಾಸ್ಕ್. ಅವರು ಉಳೀಲಿಲ್ಲ.

ಚಿಕ್ಕಮ್ಮ: ಒಂದು ಮಾತು ಕೇಳ್ಲಾ? ನಾಲ್ಕು ದಿನದಿಂದ ನಿಮ್ಮ ಚಿಕ್ಕಪ್ಪ ಮಲಗಿ ಎರಡು ಗಂಟೆ ಆಗ್ತಿದ್ದ ಹಾಗೆ ಎದ್ದು ಕಿಟಕಿ ಹತ್ರ ಕೂರ್ತಾರೆ. ಎದೆ ಮೇಲೆ ಯಾರೋ ಕೂತ ಹಾಗಿದೆ ಅಂತಾರೆ. ಕೂತ್ರೆ ಸರಿ ಹೋಗುತ್ತೆ. ಗ್ಯಾಸು, ಯಾರಿಗೂ ಹೇಳ್ಬೇಡ ಅಂದಿದ್ರು.

ನಾನು: ಕಾಲು ಊದಿದ್ಯಾ? ಕಣಕಾಲ ಮೂಳೆ ಮೇಲೆ ಹೆಬ್ಬೆಟ್ಟಲ್ಲಿ ಒತ್ತಿ ನೋಡಿ.

ಚಿಕ್ಕಮ್ಮ: ಒತ್ತಿದೆ. ಗುಳಿ ಬಿತ್ತು. ಹಾಗೇ ಇದೆ.

ನಾನು: ಇದನ್ನ ಗ್ಯಾಸ್ ಅಂತ ಬಿಡೋ ಹಾಗಿಲ್ಲ. ಹಾರ್ಟ್ ಸರಿಯಾಗಿ ಪಂಪ್ ಮಾಡದೆ ಶ್ವಾಸಕೋಶಕ್ಕೆ ನೀರು ತುಂಬ್ತಿರಬಹುದು, ಅದಕ್ಕೇ ಮಲಗಿದ್ರೆ ಜಾಸ್ತಿ. ಈಗಲೇ ಹೊರಡಿ. ಬಿಪಿ ಮಾತ್ರೆ ಚೀಟಿ ತಗೊಳ್ಳಿ. ಗಾಡಿ ಅವರು ಓಡಿಸೋದು ಬೇಡ.

ದೊಡ್ಡಪ್ಪ: ಕಾರು ತೆಗೀತಿದೀನಿ, 10 ನಿಮಿಷ. ಅವನನ್ನ ಒಬ್ಬನೇ ಮೆಟ್ಟಿಲು ಇಳಿಯೋಕೆ ಬಿಡ್ಬೇಡಮ್ಮ, ನಾನು ಬಂದು ಹಿಡ್ಕೊಳ್ತೀನಿ.