ಕೇಟಿ ಟ್ರೇಲ್: ಜುಲೈ ಬಿಸಿಲಲ್ಲಿ ನಡೆಯುತ್ತಾ ಹಕ್ಕಿ ನೋಡುವುದು ಹೇಗೆ?

ಪ್ರಶ್ನೆ:
ಅಮೆರಿಕದ ಮಿಸೌರಿ ರಾಜ್ಯದಲ್ಲಿ ಹಳೇ ರೈಲುದಾರಿಯ ಮೇಲೆ ಮಾಡಿರುವ ನಡಿಗೆ ದಾರಿ ಕೇಟಿ ಟ್ರೇಲ್‌ನಲ್ಲಿ ರೋಷ್‌ಪೋರ್ಟ್ ಮತ್ತು ಹಾರ್ಟ್ಸ್‌ಬರ್ಗ್ ನಡುವಿನ ಸುಮಾರು 40 ಕಿ.ಮೀ. ಜುಲೈನಲ್ಲಿ ಮೂರು ದಿನಕ್ಕೆ ನಡೆಯುವ ಯೋಚನೆ ಇದೆ. ಹಕ್ಕಿಗಳೇ ಮುಖ್ಯ, ದೂರ ಅಲ್ಲ. ಯಾವ ತುದಿಯಿಂದ ಹೊರಡಲಿ? ನೀರು ಎಷ್ಟು ಬೇಕು? 8×42 (8 ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಗಾಜಿನ) ಬೈನಾಕ್ಯುಲರ್ ಇದೆ, ಇನ್ನೂ ಹೆಚ್ಚು ಜೂಮ್ ಇರುವ ದೂರದರ್ಶಕ ಸ್ಕೋಪ್ ಕೂಡ ಹೊರಬೇಕಾ?

ಉತ್ತರ 1:
ರೋಷ್‌ಪೋರ್ಟ್‌ನಿಂದಲೇ ಹೊರಡಿ. ಮಧ್ಯದ ಊರು ಮೆಕ್‌ಬೇನ್‌ವರೆಗಿನ ಮೊದಲ 14 ಕಿ.ಮೀ. ಹಳೇ ರೈಲುದಾರಿ ಮಿಸೌರಿ ನದಿಯ ಜೊತೆ ಆಗ್ನೇಯಕ್ಕೆ ಇಳಿಯುತ್ತೆ. ಎಡಕ್ಕೆ ಸುಣ್ಣಕಲ್ಲಿನ ಎತ್ತರದ ಬಂಡೆಗೋಡೆ, ಬಲಕ್ಕೆ ನದಿ. ಜುಲೈ ಸೂರ್ಯ ಹುಟ್ಟೋದು ಈಶಾನ್ಯದಲ್ಲಿ, ಅಂದರೆ ಗೋಡೆಯ ಹಿಂದೆ. ದಾರಿಗೆ ನೆರಳು ಸಿಗುತ್ತೆ, ಬೆಳಕು ನಿಮ್ಮ ಬೆನ್ನ ಕಡೆಯಿಂದ ನದಿದಂಡೆ ಮರಗಳ ಮೇಲೆ ಬೀಳುತ್ತೆ, ಬಣ್ಣ ನಿಚ್ಚಳವಾಗಿ ಕಾಣುತ್ತೆ. ಮಧ್ಯಾಹ್ನದ ಮೇಲೆ ಅದೇ ಬಂಡೆ ಕಾದು ಒಲೆಯ ಥರ ಝಳ ಹೊಡೆಯುತ್ತೆ. ಟ್ರೇಲ್ ತೆರೆಯೋದೇ ಸೂರ್ಯೋದಯಕ್ಕೆ, ಹೆಚ್ಚುಕಡಿಮೆ 6 ಗಂಟೆಗೆ. ಅಲ್ಲಿಂದ 9ರವರೆಗೆ ನಿಧಾನವಾಗಿ ನೋಡಿ, 11ರೊಳಗೆ ಆ ದಿನದ ನಡಿಗೆ ಮುಗಿಸಿ.

ನಿಂತ ನೀರಿರುವ ಜೌಗಿನ ಹತ್ತಿರ, ಒಣಮರದ ಪೊಟರೆ ಇರುವ ಕಡೆ ಹತ್ತು ನಿಮಿಷ ಅಲುಗಾಡದೆ ನಿಲ್ಲಿ. ಅರಿಶಿನ ಬಣ್ಣದ ಪ್ರೊಥೊನೊಟರಿ ವಾರ್ಬ್ಲರ್ ಸಾಮಾನ್ಯವಾಗಿ ಕೆಳಮಟ್ಟದಲ್ಲೇ ಓಡಾಡುತ್ತೆ, ಮರದ ತುದಿಯಲ್ಲಿ ಹುಡುಕಬೇಡಿ. ಮೆಕ್‌ಬೇನ್ ಸುತ್ತ ಬಯಲು ಹೊಲ, ನೆರಳು ಕಮ್ಮಿ. ಬೇಲಿ ತಂತಿಯ ಮೇಲೆ ಡಿಕ್‌ಸಿಸಲ್ ಕೂಗ್ತಿರುತ್ತೆ. ಅದು ಹಗಲೆಲ್ಲ ಹಾಡುವ ಹಕ್ಕಿ, ಬೆಳಗಿನ ಒಳ್ಳೇ ಹೊತ್ತನ್ನು ಅದಕ್ಕೆ ಖರ್ಚು ಮಾಡಬೇಡಿ.

ಉತ್ತರ 2:
ಸ್ಕೋಪ್ ಬೇಡ. 9–10 ಗಂಟೆ ಆದಮೇಲೆ ನೆಲದಿಂದ ಏಳುವ ಬಿಸಿಗಾಳಿಗೆ ದೂರದ ಹಕ್ಕಿ ನೀರಲ್ಲಿ ಅಲುಗಿದ ಹಾಗೆ ಕಾಣುತ್ತೆ. ಜೂಮ್ ಜಾಸ್ತಿ ಮಾಡಿದಷ್ಟೂ ಆ ಅಲುಗಾಟವೂ ದೊಡ್ಡದಾಗುತ್ತೆ.

ಬೈನಾಕ್ಯುಲರ್‌ಗೆ ಎರಡು ಎಚ್ಚರಿಕೆ. ರಾತ್ರಿಯೆಲ್ಲ ಎ.ಸಿ. ಕೋಣೆಯಲ್ಲಿದ್ದು ತಣ್ಣಗಾದ ಗಾಜು ಹೊರಗಿನ ತೇವಕ್ಕೆ ಬಂದ ತಕ್ಷಣ ಮಂಜಾಗುತ್ತೆ, ಒರೆಸಿದರೂ ಮತ್ತೆ ಕಟ್ಟುತ್ತೆ. ಗಾಳಿಯಾಡದ ಜಿಪ್ ಚೀಲದಲ್ಲಿ ಹಾಕಿ ಅರ್ಧ ಗಂಟೆ ಮೊದಲೇ ಹೊರಗಿಡಿ. ಎರಡನೇದು, ಡೀಟ್ (ಕೀಟ ದೂರವಿಡುವ ಔಷಧ) ಹಚ್ಚಿದ ಕೈಯಲ್ಲಿ ಮುಟ್ಟಬೇಡಿ, ಅದು ಪ್ಲಾಸ್ಟಿಕ್ಕನ್ನು ಕರಗಿಸುತ್ತೆ. ಉಣ್ಣಿ, ಚಿಗರ್ (ಕಚ್ಚಿ ತುರಿಕೆ ತರುವ ಸಣ್ಣ ಹುಳ) ಕಾಟ ಅಲ್ಲಿ ಜೋರು. ಪ್ಯಾಂಟು, ಸಾಕ್ಸಿಗೆ ಪರ್ಮೆಥ್ರಿನ್ ಎಂಬ ಕೀಟನಾಶಕ ಸಿಂಪಡಿಸಿ, ಪೂರ್ತಿ ಒಣಗಿದ ಮೇಲೆ ಹಾಕಿಕೊಳ್ಳಿ. ಅಂಚಿನ ಹುಲ್ಲಿಗೆ ಇಳಿಯಬೇಡಿ, ಮುಟ್ಟಿದರೆ ತುರಿಕೆ, ಗುಳ್ಳೆ ಬರಿಸುವ ಪಾಯ್ಸನ್ ಐವಿ ಗಿಡವೂ ಇರುತ್ತೆ.

ಉತ್ತರ 3:
ನೀರಿನ ಲೆಕ್ಕ: 15–20 ನಿಮಿಷಕ್ಕೊಮ್ಮೆ ಒಂದು ಲೋಟ, ಸುಮಾರು 240 ಮಿ.ಲೀ. ಐದು ಗಂಟೆಯ ನಡಿಗೆಗೆ 4 ಲೀಟರ್ ಹೊರಿ. ಗಂಟೆಗೆ 1.4 ಲೀಟರ್ ದಾಟಬೇಡಿ, ರಕ್ತದ ಸೋಡಿಯಂ ತೀರಾ ಇಳಿದು ಅದೇ ಅಪಾಯವಾಗುತ್ತೆ. ಜೊತೆಗೆ ಉಪ್ಪಿನ ತಿಂಡಿ ಇರಲಿ. ಎಲ್ಲ ಟ್ರೇಲ್‌ಹೆಡ್‌ನಲ್ಲೂ (ಟ್ರೇಲ್‌ಗೆ ಹತ್ತುವ ಜಾಗ) ಕುಡಿಯುವ ನೀರು ಸಿಗಲ್ಲ, ಹೊರಡುವ ಮುಂಚೆಯೇ ನೋಡಿಕೊಳ್ಳಿ.

ಬರೀ ಉಷ್ಣಾಂಶ ನೋಡಿ ನಿರ್ಧರಿಸಬೇಡಿ. 32 ಡಿಗ್ರಿ ಸೆಲ್ಸಿಯಸ್ ಇದ್ದು ತೇವಾಂಶ ಶೇ. 70 ಇದ್ದರೆ ಮೈಗೆ ಸುಮಾರು 41 ಡಿಗ್ರಿಯಂತೆ ತಟ್ಟುತ್ತೆ. ಜೊತೆಗಾರರ ಮಾತು ತಡವರಿಸಿದರೆ, ಗೊಂದಲ ಕಂಡರೆ, ಬೆವರು ಬರ್ತಿದ್ದರೂ ಅದು ಹೀಟ್‌ಸ್ಟ್ರೋಕ್ (ಜೀವಕ್ಕೇ ಅಪಾಯವಾದ ಬಿಸಿಲಾಘಾತ) ಇರಬಹುದು. ಅಮೆರಿಕದ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ, ಮೈಗೆ ನೀರು ಸುರಿದು ಗಾಳಿ ಬೀಸುತ್ತಿರಿ.

ಬಿಸಿಲು ಹಕ್ಕಿಗಳಿಗೂ ಅಷ್ಟೇ ಕಷ್ಟ. ಕೊಕ್ಕು ತೆರೆದು, ಗಂಟಲು ಪಟಪಟ ಅದುರಿಸುತ್ತಾ, ರೆಕ್ಕೆಯನ್ನು ಮೈಯಿಂದ ದೂರ ಹಿಡಿದಿದ್ದರೆ ಅದು ಕಾವು ಇಳಿಸಿಕೊಳ್ಳುತ್ತಿದೆ, ಓಡಿಸಬೇಡಿ. ಗೂಡಿನ ಮೇಲೆ ರೆಕ್ಕೆ ಅರ್ಧ ಹರಡಿ ನಿಂತ ತಾಯಿ ಮರಿಗಳಿಗೆ ನೆರಳು ಕೊಡ್ತಿರುತ್ತೆ. ನೀವು ಫೋಟೋಗೆ ಹತ್ತಿರ ಹೋಗಿ ಅದು ಎದ್ದುಹೋದರೆ ಬರಿಮೈ ಮರಿಗಳು ಸ್ವಲ್ಪ ಹೊತ್ತಿಗೇ ಬೆಂದುಹೋಗಬಹುದು. ಫೋನಿನಲ್ಲಿ ಹಕ್ಕಿಯ ಕೂಗಿನ ರೆಕಾರ್ಡಿಂಗ್ ಹಾಕಿ ಕರೆಯೋದಂತೂ ಬೇಡವೇ ಬೇಡ.