ಕೋಳಿ ಕಾಳು ಚೆಲ್ಲದ ಹಾಗೆ ಇಡೋದು ಹೇಗೆ? ಅನುಭವ ಇದ್ದವರು ಹೇಳಿ

ಜಮಖಂಡಿಯಿಂದ:
ಹಿತ್ತಲಲ್ಲಿ 12 ಜವಾರಿ ಕೋಳಿ ಸಾಕಿದ್ದೇನೆ. ನಾಯಿ ಕಾಟ ಇರೋದರಿಂದ ಹೊರಗೆ ಬಿಡುವುದಿಲ್ಲ, ಜಾಳಿಗೆಯೊಳಗೇ ಇರುತ್ತವೆ. ಅಗಲ ಬೋಗುಣಿಯಲ್ಲಿ ಕಾಳು ತುಂಬಿ ಇಡುತ್ತೇನೆ. ಅದರೊಳಗೇ ಹತ್ತಿ ನಿಂತು ಕೆದರುತ್ತವೆ, ಅಲ್ಲೇ ಹಿಕ್ಕೆ ಹಾಕುತ್ತವೆ. 50 ಕೆಜಿ ಚೀಲ 25 ದಿನಕ್ಕೆ ಖಾಲಿ. ಒಂದು ಮೊಟ್ಟೆ ಎಷ್ಟಕ್ಕೆ ಬಿತ್ತು ಅಂತ ಅತ್ತೆ ದಿನಾ ಕೇಳ್ತಾರೆ. ಏನು ಮಾಡಲಿ?

ಗೋಕಾಕದಿಂದ:
ಅಕ್ಕಾರೇ, ಮೊದಲು ಆ ಬೋಗುಣಿ ತೆಗೆಯಿರಿ. ಮೂರು ಥರದ ಫೀಡರ್ ತಂದು ದುಡ್ಡು ಕಳಕೊಂಡ ಮೇಲೆ ನನಗೆ ತಿಳಿದದ್ದು ಇಷ್ಟು: ಡಬ್ಬಿ ಯಾವುದಾದರೂ ನಡೆಯುತ್ತದೆ, ಎತ್ತರ ಸರಿ ಇರಬೇಕು. ತಟ್ಟೆಯ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕೆ ಬಂದರೆ ಅದು ಕತ್ತು ಚಾಚಿ ತಿನ್ನುತ್ತದೆ, ಒಳಗೆ ಕಾಲಿಡಲು ಆಗುವುದಿಲ್ಲ. ಎರಡನೆಯದು, ತಟ್ಟೆಯಲ್ಲಿ ಕಾಳು ಮೂರನೇ ಒಂದು ಭಾಗ ಮಾತ್ರ ಇರಲಿ. ತುಂಬಿ ತುಳುಕುವಂತಿದ್ದರೆ ಕೊಕ್ಕಿನಿಂದ ಆಚೆ ಈಚೆ ಸರಿಸಿ ಚೆಲ್ಲೋದೇ ಅವುಗಳ ಆಟ.

ನಾನು ಅಡುಗೆ ಎಣ್ಣೆಯ ಖಾಲಿ ಪ್ಲಾಸ್ಟಿಕ್ ಡಬ್ಬಿ ತೊಳೆದು ಒಣಗಿಸಿ, ತಳದ ಹತ್ತಿರ ಸುತ್ತಲೂ ತೂತು ಕೊರೆದೆ. ಕೆಳಗೆ ಅದಕ್ಕಿಂತ ನಾಲ್ಕು ಬೆರಳು ಅಗಲದ ಅಂಚಿರುವ ಪರಾತ, ನಟ್ಟು ಬೋಲ್ಟು ಹಾಕಿ ಬಿಗಿದದ್ದು. ಹಗ್ಗ ಕಟ್ಟಿ ತೊಲೆಗೆ ತೂಗುಹಾಕಿದೆ. ಕೋಳಿ ಬೆಳೆದಂತೆ ಹಗ್ಗ ಮೇಲೆ ಎಳೆದರಾಯ್ತು. ಮೊದಲ ವಾರ ಎರಡು ಹುಂಜ ಮುಚ್ಚಳದ ಮೇಲೇ ಸಿಂಹಾಸನ ಮಾಡಿಕೊಂಡವು. ತಗಡನ್ನು ಕುಲಾವಿ ಹಾಗೆ ಚೂಪಾಗಿ ಸುತ್ತಿ ಮೇಲೆ ಇಟ್ಟೆ, ಜಾರಿ ಬಿದ್ದು ಬಿಟ್ಟುಬಿಟ್ಟವು. ಮರಿಗಳಿದ್ದರೆ ಅವಕ್ಕೆ ಬೇರೆ ತಟ್ಟೆ ಕೆಳಗಿಡಿ, ಇಲ್ಲದಿದ್ದರೆ ಉಪವಾಸ.

ಖಾನಾಪುರದಿಂದ:
ನಾಲ್ಕು ಇಂಚಿನ ಪಿವಿಸಿ ಪೈಪಿನ ಬುಡಕ್ಕೆ ಮೊಳಕೈ (ಬಾಗಿದ ತುಂಡು) ಜೋಡಿಸಿ ಮೇಲಿಂದ ಕಾಳು ತುಂಬುವ ವಿಡಿಯೋ ನೋಡಿ ನಾನೂ ಮಾಡಿದ್ದೆ. ಬೇಸಿಗೆಯಲ್ಲಿ ಬಹಳ ಚೆನ್ನಾಗಿತ್ತು. ನಮ್ಮ ಕಡೆ ಮಳೆ ಗೊತ್ತಲ್ಲ? ಎರಚಲು ಹೊಡೆದು ಬಾಯಲ್ಲಿ ಹಿಟ್ಟು ಗಟ್ಟಿಯಾಗಿ ಕೂತಿತು. ಮೇಲೆ ನೋಡಿದರೆ ಪೈಪ್ ತುಂಬಾ ಕಾಳು, ಕೆಳಗೆ ಕೋಳಿ ಹಸಿದು ನಿಂತಿವೆ. ಒಳಗೆ ಬೂಸ್ಟು ಬೇರೆ. ಬೂಸ್ಟು ಹಿಡಿದ ಗೋವಿನಜೋಳ ಕೋಳಿಗೆ ವಿಷ, ಒಣಗಿಸಿ ಮತ್ತೆ ಹಾಕಬೇಡಿ. ಪೈಪ್ ಹಾಕುವುದಾದರೆ ಸೂರಿನ ಕೆಳಗೇ ಹಾಕಿ. ನೀರಿನ ಪಾತ್ರೆ ದೂರ ಇರಲಿ.

ಇಂಡಿಯಿಂದ:
ಮೂರು ನಾಲ್ಕು ಕಾಳು ಕಲಸಿ ಹಾಕ್ತಿದ್ದೀರಾ? ಹಾಗಿದ್ದರೆ ತಮಗೆ ಬೇಕಾದ ಕಾಳಿಗಾಗಿ ಉಳಿದದ್ದನ್ನೆಲ್ಲ ಚೆಲ್ಲುತ್ತವೆ. ನಾನು ಒಡೆಸಿ ನುಚ್ಚು ಮಾಡಿಸಿ ಹಾಕುತ್ತೇನೆ. ಬೇಸಿಗೆಯಲ್ಲಿ ಮಧ್ಯಾಹ್ನ ಅವು ಬಾಯಿ ತೆರೆದು ನೆರಳಲ್ಲಿ ಕೂತಿರುತ್ತವೆ, ತಿನ್ನುವುದಿಲ್ಲ. ಬೆಳಗ್ಗೆ ಬೇಗ, ಸಂಜೆ ತಂಪಿನಲ್ಲಿ ಹಾಕಿದರೆ ಸಾಕು.

ಗೋಕಾಕದಿಂದ, ಮತ್ತೆ:
ಒಂದು ಲೆಕ್ಕ ಬಿಟ್ಟುಹೋಯ್ತು. ಕೋಳಿಗೆ ದಿನಕ್ಕೆ 100 ಗ್ರಾಂ ಹಿಡಿದರೂ 12ಕ್ಕೆ 1.2 ಕೆಜಿ. 25 ದಿನಕ್ಕೆ 30 ಕೆಜಿ. ಉಳಿದ 20 ಕೆಜಿ ಪೂರ್ತಿ ಚೆಲ್ಲಿಯೇ ಹೋಯ್ತು ಅಂದರೆ ನನಗೆ ನಂಬಿಕೆ ಇಲ್ಲ. ಕತ್ತಲಾದ ಮೇಲೆ ಕೋಳಿ ತಿನ್ನುವುದಿಲ್ಲ. ಸಂಜೆ ಉಳಿದ ಕಾಳು ತೂಗಿ ಇಡಿ, ಬೆಳಗ್ಗೆ ಅವು ಏಳುವ ಮುಂಚೆ ಮತ್ತೆ ತೂಗಿ.

ಜಮಖಂಡಿಯಿಂದ:
ತೂಗಿದೆ ಅಣ್ಣಾರೇ. ಸಂಜೆ 2 ಕೆಜಿ ಇಟ್ಟಿದ್ದೆ, ಬೆಳಗ್ಗೆ ಒಂದೂವರೆಗೂ ಸ್ವಲ್ಪ ಕಡಿಮೆ! ಮೂಲೆಯಲ್ಲಿ ಹೆಗ್ಗಣದ ಬಿಲ ಸಿಕ್ಕಿತು. ಇನ್ನು ರಾತ್ರಿ ಕಾಳು ತಗಡಿನ ಡಬ್ಬಿಯಲ್ಲಿ, ಮನೆಯೊಳಗೆ. ಎಣ್ಣೆ ಡಬ್ಬಿಯೂ ಸಿಕ್ಕಿದೆ. ತೂತು ಎಷ್ಟು ದೊಡ್ಡದಿರಬೇಕು?

ಗೋಕಾಕದಿಂದ:
ಎರಡು ಬೆರಳು ಸಲೀಸಾಗಿ ಹೋಗುವಷ್ಟು. ಚಿಕ್ಕದು ಮಾಡಿಯೇ ಶುರು ಮಾಡಿ, ಕಾಳು ಇಳಿಯದಿದ್ದರೆ ಆಮೇಲೆ ಕೊರೆದುಕೊಳ್ಳಬಹುದು.